ಚದುರಂಗದ ಯಂತ್ರವೂ ಪ್ರತ್ಯಭಿಜ್ಞೆಯೂ

ಚದುರಂಗವು ನಮ್ಮ ನಾಡಿಗೆ ನಿನ್ನೆ ಮೊನ್ನೆ ಬಂದ ಆಟವಲ್ಲವೆಂಬದನ್ನು ವಾಚಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅರಸರ ವಿನೋದಗಳನ್ನು ವರ್ಣಿಸುವಾಗ ಈ ಆಟಕ್ಕೂ ಸ್ಥಾನ ಕೊಟ್ಟಿರುವನು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕುದುರೆಯು ಹಲಗೆಯ ಪ್ರತಿಯೊಂದು ಮನೆಯಲ್ಲಿಯೂ ಒಂದೇ ಸಲ ಕಾಲಿಟ್ಟು ಬರುವಂಥ ಬಂಧಗಳನ್ನು ಕಟ್ಟುವದರಲ್ಲಿ ಪ್ರಸಿದ್ಧರಾಗಿದ್ದರು. ನಮ್ಮ ಇಳಕಲ್ಲಿನಲ್ಲಿಯೂ ಮಗ್ಗದ ಕೆಲಸವು ನಿಂತ ಮೇಲೆ ಸಂಜೆಯ ಹೊತ್ತು ಕಟ್ಟೆಗಳ ಮೇಲೆ ಹಲಗೆ ಹಾಸಿ ಕೂಡ್ರುವ ಹಿರಿಯರು ಇಂದಿಗೂ ಇರುವರು. ಆದರೆ ಈಗ ಅವರ ಮಗ್ಗುಲಲ್ಲಿ ಮೂರನೆಯವನೊಬ್ಬನು ಬಂದು ಕುಳಿತಿರುವನು. ಅವನು ಮೊಮ್ಮಕ್ಕಳ ಮೊಬೈಲಿನೊಳಗೆ ವಾಸಿಸುವ ಯಂತ್ರಪುರುಷನು. ಯಾವ ನಡೆಯಾದ ಮೇಲೂ ಹುಡುಗರು ಅವನ ಮುಖವನ್ನು ನೋಡುವರು. ಅವನು ಹೇಳಿದ ಅಂಕಿಯೇ ತೀರ್ಪು.

ಈ ಯಂತ್ರಪುರುಷನ ವಿಷಯದಲ್ಲಿ ಜನರಲ್ಲಿ ಒಂದು ಭಾವನೆಯು ಬೇರೂರಿರುವದು. ಅವನು ಎಲ್ಲವನ್ನೂ ಎಣಿಸಿಯೇ ತಿಳಿಯುವನು, ಎಣಿಕೆಯು ಅಷ್ಟು ವೇಗವಾಗಿರುವಾಗ ನೆನಪಿನ ಅಗತ್ಯವೇನು, ಆದ್ದರಿಂದ ನಮ್ಮ ಮಕ್ಕಳೂ ಬಾಯಿಪಾಠವನ್ನು ಬಿಟ್ಟು ಎಣಿಸುವದನ್ನಷ್ಟೇ ಕಲಿತರೆ ಸಾಕು ಎಂದು ಹಲವರು ವಾದಿಸುವರು. ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಮಕ್ಕಳಿಂದ ಶಬ್ದರೂಪಗಳನ್ನು ಕಂಠಪಾಠ ಮಾಡಿಸಿದ ನಮಗೆ ಈ ವಾದವು ಕಿವಿಗೆ ಹಿತವಾಗಿರಲಿಲ್ಲವೆಂಬದನ್ನು ಮುಚ್ಚಿಡಲಾರೆವು. ಆದ್ದರಿಂದ ಯಂತ್ರವು ನಿಜವಾಗಿ ಹೇಗೆ ಆಡುವದೆಂಬದನ್ನು ವಿಚಾರಿಸತೊಡಗಿದೆವು. ವಿಚಾರಿಸಿದಂತೆ ಕಂಡುಬಂದದ್ದೇನೆಂದರೆ, ಎಣಿಕೆಯಲ್ಲಿ ಅಸಮಾನವಾದ ಆ ಯಂತ್ರಕ್ಕೂ ಕೂಡ ಕಂಡದ್ದನ್ನು ಗುರುತಿಸುವ ಶಕ್ತಿಯನ್ನು ಪ್ರತ್ಯೇಕವಾಗಿ ಕಲಿಸಬೇಕಾಯಿತು. ಕಲಿಸದೆ ಇದ್ದಾಗ ಅದು ಕೈಗೆ ಬಂದ ಆಟಗಳನ್ನು ಕಳೆದುಕೊಂಡಿತು.

ಮೊದಲು ಎಣಿಕೆಯ ಮಾತು. ಆಟದ ನಡುವಿನ ಒಂದು ಸ್ಥಿತಿಯಲ್ಲಿ ಒಬ್ಬನಿಗೆ ಸುಮಾರು ಮೂವತ್ತು ನಡೆಗಳು ಸಾಧ್ಯವಿರುವವೆಂದು ಹಿಡಿಯೋಣ. ಪ್ರತಿಯೊಂದಕ್ಕೂ ಎದುರಾಳಿಗೆ ಮೂವತ್ತು ಉತ್ತರಗಳು, ಅಲ್ಲಿಗೆ 900. ಇಬ್ಬರೂ ಎರಡೆರಡು ಸಲ ನಡೆದರೆಂದರೆ 8,10,000. ಹೀಗೆ ಕವಲೊಡೆಯುತ್ತ ಹೋಗುವ ಈ ವೃಕ್ಷವನ್ನು ಯಾವ ಯಂತ್ರವೂ ತುದಿಯವರೆಗೆ ಹತ್ತಲಾರದು. ಆದುದರಿಂದ ಎಲ್ಲಿಯೋ ಒಂದು ಕಡೆ ನಿಂತು, ಅಲ್ಲಿಯ ಸ್ಥಿತಿಗೆ ಬೆಲೆ ಕಟ್ಟಬೇಕಾಗುವದು. ಅಮೇರಿಕೆಯ ಕ್ಲಾಡ್ ಶಾನನ್ ಎಂಬ ಗಣಿತಜ್ಞನು 1950ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಮಾರ್ಗವನ್ನೇ ತೋರಿಸಿದನು. ಕಾಲಾಳಿಗೆ ಒಂದು, ಕುದುರೆಗೂ ಒಂಟೆಗೂ ಮೂರು ಮೂರು, ಆನೆಗೆ ಐದು, ಮಂತ್ರಿಗೆ ಒಂಬತ್ತು ಎಂದು ಬೆಲೆಯಿಟ್ಟು ಕೂಡಿ ಕಳೆಯುವದು. ಉಳಿದ ಸಣ್ಣ ಗುಣದೋಷಗಳನ್ನು ಅದಕ್ಕೆ ಸೇರಿಸುವದು. (ಮೂಲೆಯಲ್ಲಿ ನಿಂತು ನೆಟ್ಟಗೆ ಓಡುವದನ್ನು ನಾವು ಆನೆಯೆಂದೂ, ಓರೆಯಾಗಿ ಓಡುವದನ್ನು ಒಂಟೆಯೆಂದೂ ಕರೆಯುತ್ತಿರುವೆವು, ಊರಿಂದೂರಿಗೆ ಈ ಹೆಸರುಗಳು ಬೇರೆಯಾಗುವದರಿಂದ ಇಷ್ಟು ಸೂಚನೆ.)

ವ್ಯಾಕರಣವನ್ನು ಓದಿದವರು ಇದನ್ನು ಉತ್ಸರ್ಗವೆಂದು ಕರೆಯುವರು. ಅಂದರೆ ಸಾಮಾನ್ಯ ವಿಧಿ. ಬಹುಮಟ್ಟಿಗೆ ಅದು ಸರಿಯಾಗಿಯೇ ಇರುವದು. ಆದರೆ ಉತ್ಸರ್ಗವಿದ್ದಲ್ಲಿ ಅಪವಾದವೂ ಇರುವದಷ್ಟೆ! ಚದುರಂಗದ ಅಪವಾದಗಳೆಲ್ಲ ಹೆಚ್ಚಾಗಿ ಆಟದ ಕೊನೆಯಲ್ಲಿ, ಹಲಗೆಯು ಬರಿದಾದ ಮೇಲೆ, ಅಡಗಿ ಕುಳಿತಿರುವವು.

ಒಂದನ್ನು ವಿವರವಾಗಿ ನೋಡೋಣ. ಈ ಲೇಖನದ ತಿರುಳೇ ಅದರಲ್ಲಿರುವದು. ಬಿಳಿಯ ಪಕ್ಷದಲ್ಲಿ ರಾಜ, ಒಂದು ಒಂಟೆ, ಹಲಗೆಯ ಅಂಚಿನ ಕಂಬಸಾಲಿನಲ್ಲಿ ಒಂದು ಕಾಲಾಳು. ಕರಿಯ ಪಕ್ಷದಲ್ಲಿ ಒಂಟಿ ರಾಜ. ಉತ್ಸರ್ಗದಂತೆ ಬಿಳಿಯವನು ನಾಲ್ಕು ಅಂಕ ಮುಂದಿರುವನು. ಎದುರಾಳಿಗೆ ಉಳಿದದ್ದು ಸೊನ್ನೆ. ಆದರೆ ಕಾಲಾಳು ಮಂತ್ರಿಯಾಗತಕ್ಕ ಆ ಮೂಲೆಯ ಮನೆಯು ಕಪ್ಪು ಬಣ್ಣದ್ದಾಗಿದ್ದು, ಒಂಟೆಯು ಬಿಳಿ ಮನೆಗಳಲ್ಲಿ ಓಡುವಂಥದಾಗಿದ್ದರೆ, ಕರಿಯ ರಾಜನು ಆ ಮೂಲೆಯನ್ನು ಸೇರಿದ ಕ್ಷಣವೇ ಆಟವು ಸಮವಾಯಿತು. ಕಾರಣವು ಸರಳ. ಮೂಲೆಯ ಅಕ್ಕಪಕ್ಕದ ಬಿಳಿ ಮನೆಗಳನ್ನು ಒಂಟೆಯು ಮುಚ್ಚಬಲ್ಲದು, ಉಳಿದೊಂದು ಮನೆಯನ್ನು ಬಿಳಿಯ ರಾಜನು ಮುಚ್ಚಬಲ್ಲನು. ಮೂಲೆಯ ಮನೆಯನ್ನು ಮಾತ್ರ ಒಂಟೆಯು ಎಂದೆಂದಿಗೂ ಮುಟ್ಟಲಾರದು. ಶಹ ಕೊಡಲಾಗದೆ ಸುತ್ತಲೂ ಮುಚ್ಚಿದರೆ ಕರಿಯವನಿಗೆ ನಡೆಯೇ ಇಲ್ಲದಂತಾಗಿ ಆಟವು ಸ್ಟೇಲ್‌ಮೇಟ್ ಆಗುವದು, ಅಂದರೆ ಸಮ. ಮುಚ್ಚದೆ ಬಿಟ್ಟರೆ ರಾಜನು ಮೂಲೆಗೂ ಪಕ್ಕಕ್ಕೂ ಸುಮ್ಮನೆ ಓಡಾಡಿಕೊಂಡಿರುವನು.

ಈಗ ಎಣಿಸುವ ಯಂತ್ರವನ್ನು ಇಲ್ಲಿ ತಂದು ನಿಲ್ಲಿಸಿರಿ. ಅದು ಇಪ್ಪತ್ತು ನಡೆ ಮುಂದೆ ನೋಡುವದು, ಎಲ್ಲಿ ನೋಡಿದರೂ ನಾಲ್ಕು ಅಂಕ ಮುಂದು. ಮೂವತ್ತು ನೋಡಿದರೂ ಅಷ್ಟೇ. ಕಾಯಿ ಹೊಡೆಯದೆ, ಕಾಲಾಳನ್ನು ನಡೆಯಿಸದೆ ಇಬ್ಬರೂ ಐವತ್ತೈವತ್ತು ನಡೆಗಳನ್ನು ಆಡಿದರೆ ಸಮವೆಂದು ಕೇಳಬಹುದೆಂಬ ನಿಯಮವಿರುವದೇನೋ ನಿಜ. ಆದರೆ ಆ ಗಡಿಯು ಎಣಿಕೆಯ ಕಣ್ಣಿಗೆ ಬಹು ದೂರ. ಇನ್ನೂ ದೊಡ್ಡ ಅನರ್ಥವು ಇದಕ್ಕಿಂತ ಮೊದಲೇ ಆಗಿರುವದು. ಹತ್ತು ನಡೆಗಳ ಹಿಂದೆ, ಹಲಗೆಯ ಮೇಲೆ ಇನ್ನೂ ಕೆಲವು ಕಾಯಿಗಳಿರುವಾಗ, ಗೆಲ್ಲುವ ಬೇರೆ ದಾರಿಯೊಂದು ತೆರೆದಿರುವಾಗಲೇ, ಯಂತ್ರವು ‘ಈ ಕಾಯಿಗಳನ್ನು ಕೊಟ್ಟು ತೆಗೆದುಕೊಂಡರೆ ನಾಲ್ಕು ಅಂಕ ಉಳಿಯುವವು’ ಎಂದು ಲೆಕ್ಕ ಹಾಕಿ, ತಾನೇ ಮುಂದಾಗಿ ಈ ಬಂಜರಿಗೆ ಇಳಿದುಬಿಡುವದು. ಆದ್ದರಿಂದ ಗುರುತಿಸುವ ಕಣ್ಣು ಹಲಗೆಯ ಮೇಲೆ ಸ್ಥಿತಿಯು ಬಂದು ನಿಂತ ಮೇಲೆ ತೆರೆದರೆ ಪ್ರಯೋಜನವಿಲ್ಲ; ಎಣಿಕೆಯ ವೃಕ್ಷದ ನಡುಗೊಂಬೆಗಳಲ್ಲಿ, ಇನ್ನೂ ಬಾರದ ಸ್ಥಿತಿಗಳಲ್ಲಿಯೇ ಅದು ಎಚ್ಚತ್ತಿರಬೇಕು.

ಮನುಷ್ಯರ ಗತಿಯೂ ಇದೇ. ಕೆಲವು ವರ್ಷಗಳ ಕೆಳಗೆ ನಮ್ಮ ಭಾಗದ ಶಾಲಾಮಕ್ಕಳ ಪಂದ್ಯವೊಂದರಲ್ಲಿ ಇದೇ ಸ್ಥಿತಿಯನ್ನು ಕಣ್ಣಾರೆ ಕಂಡೆವು. ನೇಕಾರರ ಮನೆಯ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಕರಿಯ ಕಾಯಿಗಳಿಂದ ಆಡುತ್ತಿದ್ದಳು. ಮುಂದಿನ ಸುತ್ತಿನ ಪಂದ್ಯಕ್ಕೆ ಕಳಿಸತಕ್ಕವರಲ್ಲಿ ಕೊನೆಯ ಸ್ಥಾನವು ಅರ್ಧ ಅಂಕದ ಮೇಲೆ ನಿಂತಿತ್ತು. ಅವಳ ಕಾಯಿಗಳೊಂದೊಂದಾಗಿ ಹೋಗುತ್ತಿದ್ದವು. ಕೊನೆಗೆ ತನ್ನ ಕುದುರೆಯನ್ನು ಎದುರಾಳಿಯ ನಡುವಣ ಕಾಲಾಳಿಗೆ ತಾನಾಗಿಯೇ ಕೊಟ್ಟು, ಆ ಕಾಲಾಳನ್ನು ಹೊಡೆದುಹಾಕಿ, ಒಂಟಿ ರಾಜನನ್ನು ಕಟ್ಟಿಕೊಂಡು ಮೂಲೆಯ ಕಡೆಗೆ ನಡೆದಳು. ದೂರದಲ್ಲಿ ನಿಂತವನೊಬ್ಬನು ತನ್ನ ಮೊಬೈಲಿನ ಯಾವದೋ ಸಣ್ಣ ಯಂತ್ರದಲ್ಲಿ ಸ್ಥಿತಿಯನ್ನಿಟ್ಟು ನೋಡಿ ‘ಬಿಳಿ ನಾಲ್ಕು ಮುಂದ’ ಎಂದು ಪಕ್ಕದವರಿಗೆ ಸಾರಿದನು. ಆಟವು ಮುಗಿದಂತೆಯೇ ಎಲ್ಲರೂ ಭಾವಿಸಿದರು. ಎದುರಾಳಿ ಹುಡುಗನು ಮುಕ್ಕಾಲು ಗಂಟೆ ಒಂಟೆಯನ್ನು ಅತ್ತಿತ್ತ ಓಡಿಸಿ, ಬೇಸತ್ತು, ಕಾಲಾಳನ್ನು ತಳ್ಳಿದನು. ಸ್ಟೇಲ್‌ಮೇಟ್! ಹೊರಗೆ ಬಂದಾಗ ಅವಳ ಸೋದರಮಾವನು, “ಯವ್ವಾ, ಕುದುರಿ ಯಾಕ ಕಳಕೊಂಡೀ? ನನ್ನ ಎದಿ ಒಡದಂಗಾತು” ಎಂದನು. ಅವಳು, “ಕಳಕೊಳ್ಳಲಿಲ್ಲ ಮಾವಾ, ಕೊಟ್ಟೆ. ಒಂಟಿ ಬ್ಯಾರೆ ಬಣ್ಣದ್ದಿತ್ತಲಾ” ಎಂದು ಉತ್ತರ ಕೊಟ್ಟಳು. ಆ ಸ್ಥಿತಿಯನ್ನು ಅವಳು ಹಲಗೆಯ ಮೇಲೆ ಎಣಿಸಿ ಕಂಡುಹಿಡಿದವಳಲ್ಲ. ಮೊದಲೇ ಬಲ್ಲವಳಾಗಿ, ಅದು ಬರುವ ಮುನ್ನವೇ ಗುರುತಿಸಿ, ಅದರ ಕಡೆಗೆ ನಡೆದವಳು.

ನ್ಯಾಯಶಾಸ್ತ್ರದಲ್ಲಿ ಇದಕ್ಕೆ ಪ್ರತ್ಯಭಿಜ್ಞೆಯೆಂದು ಹೆಸರು. ಸಂತೆಯಲ್ಲಿ ಒಬ್ಬನನ್ನು ಕಂಡು ‘ಇವನೇ ಆ ದೇವದತ್ತನು’ ಎಂದು ತಿಳಿಯುವದೇ ಅದರ ಹಳೆಯ ಉದಾಹರಣೆ. ಅಲ್ಲಿ ಬರಿಯ ಸ್ಮರಣೆಯೂ ಇಲ್ಲ, ಬರಿಯ ದರ್ಶನವೂ ಇಲ್ಲ. ಕಂಡದ್ದಕ್ಕೂ ನೆನಪಿಗೂ ಗಂಟು ಬೀಳುವದು.

ಯಂತ್ರಕ್ಕೆ ಈ ಗಂಟನ್ನು ಹಾಕಿಕೊಟ್ಟ ಬಗೆಯು ಬಹು ಸ್ವಾರಸ್ಯವಾದದ್ದು. ಪ್ರತಿಯೊಂದು ಸ್ಥಿತಿಯನ್ನೂ ತಡೆದು ನಿಲ್ಲಿಸಿ ‘ನೀನು ಯಾರು?’ ಎಂದು ವಿಚಾರಿಸುತ್ತ ಕುಳಿತರೆ ಎಣಿಕೆಯು ಕುಂಟುವದು. ಆದ್ದರಿಂದ ವಿಚಾರಣೆಯನ್ನು ಎರಡು ಬಾಗಿಲುಗಳಲ್ಲಿ ಇಟ್ಟರು. ಮೊದಲನೆಯ ಬಾಗಿಲಲ್ಲಿ ಕೇಳುವದು ಒಂದೇ ಪ್ರಶ್ನೆ: ಹಲಗೆಯ ಮೇಲೆ ಯಾವ ಯಾವ ಕಾಯಿಗಳು ಉಳಿದಿರುವವು? ಎಲ್ಲಿ ನಿಂತಿರುವವೆಂಬದು ಬೇಡ. ಈ ಲೆಕ್ಕವನ್ನು ಯಂತ್ರವು ಒಂದು ಸಂಖ್ಯೆಯ ರೂಪದಲ್ಲಿ ಸದಾ ಕೈಯಲ್ಲಿ ಹಿಡಿದಿರುವದು. ಕಾಯಿ ಹೊಡೆದಾಗ, ಇಲ್ಲವೆ ಕಾಲಾಳು ಬಡ್ತಿ ಪಡೆದಾಗ ಮಾತ್ರ ಅದು ಬದಲಾಗುವದು. ಆ ಸಂಖ್ಯೆಯು ಪರಿಚಿತರ ಪಟ್ಟಿಯಲ್ಲಿ ಇಲ್ಲದಿದ್ದರೆ ಎಣಿಕೆಯು ತಡೆಯಿಲ್ಲದೆ ಮುಂದೆ ಸಾಗುವದು. ಇದ್ದರೆ ಮಾತ್ರ ಎರಡನೆಯ ಬಾಗಿಲು. ಅಲ್ಲಿ ಕಾಲಾಳು ಅಂಚಿನದೋ, ಒಂಟೆಯ ಬಣ್ಣವಾವದು, ರಾಜನು ಮೂಲೆಯನ್ನು ಸೇರಿರುವನೋ ಇಲ್ಲವೋ ಎಂದು ಸೂಕ್ಷ್ಮವಾದ ಪರೀಕ್ಷೆಯಾಗುವದು.

ಪರೀಕ್ಷೆಯ ಫಲವು ಯಾವಾಗಲೂ ಪೂರ್ಣ ತೀರ್ಪಾಗಿರಬೇಕೆಂದಿಲ್ಲ. ‘ಇದು ಸಮವೇ’ ಎನ್ನಬಹುದು. ‘ಸಮಕ್ಕಿಂತ ಹೆಚ್ಚಿನದು ಇವನಿಗೆ ಸಿಕ್ಕಲಾರದು’ ಎಂದಷ್ಟೇ ಹೇಳಬಹುದು. ‘ಸಮಕ್ಕಿಂತ ಕಡಿಮೆಯಾಗಲಾರದು’ ಎಂದೂ ಹೇಳಬಹುದು. ರಾಜನೊಡನೆ ಒಂದೇ ಒಂಟೆಯುಳಿದವನು ಒಂಟಿ ರಾಜನನ್ನು ಕಟ್ಟಲಾರನು. ಅವನ ಪಾಲಿಗೆ ಸಮವೇ ಮೇಲಿನ ಮಿತಿ. ಬೇರೊಂದು ಕೊಂಬೆಯಲ್ಲಿ ಇದಕ್ಕಿಂತ ಲಾಭವು ಆಗಲೇ ದೊರೆತಿದ್ದರೆ ಈ ಕೊಂಬೆಯನ್ನು ಇನ್ನು ಹತ್ತುವದೇಕೆ? ಕಡಿದೊಗೆಯಬಹುದು. ಹೀಗೆ ಅರ್ಧ ಉತ್ತರವೂ ಪೂರ್ಣ ಕೆಲಸವನ್ನು ಮಾಡುವದು. 1984ರಲ್ಲಿ ಡೇವಿಡ್ ಸ್ಲೇಟ್ ಎಂಬವರು ಈ ಮಿತಿಗಳ ಉಪಾಯವನ್ನು ಬರೆದರು; 1998ರಲ್ಲಿ ಜರ್ಮನಿಯ ಅರ್ನ್‌ಸ್ಟ್ ಹೈನ್ಸ್ ಎಂಬವರು ವೃಕ್ಷದ ನಡುಗೊಂಬೆಗಳಲ್ಲಿ ಅದನ್ನು ವೇಗಕ್ಕೆ ಕುಂದಿಲ್ಲದೆ ನಡೆಯಿಸುವ ರೀತಿಯನ್ನು ತೋರಿಸಿದರು.

ಇನ್ನೊಂದು ಬಗೆಯ ಗುರುತೂ ಉಂಟು. ಅದು ತೀರ್ಪನ್ನು ಹೇಳದೆ ದಿಕ್ಕನ್ನು ತೋರಿಸುವದು. ಒಂಟೆ ಕುದುರೆಗಳೆರಡರಿಂದ ಒಂಟಿ ರಾಜನನ್ನು ಕಟ್ಟಬೇಕಾದರೆ ಒಂಟೆಯ ಬಣ್ಣದ ಮೂಲೆಗೇ ಅವನನ್ನು ಅಟ್ಟಿಕೊಂಡು ಹೋಗಬೇಕು. ಇನ್ನೊಂದು ಬಣ್ಣದ ಮೂಲೆಯಲ್ಲಿ ಅವನು ತಾನಾಗಿ ತಪ್ಪು ಮಾಡಿದ ಹೊರತು ಸಿಕ್ಕಲಾರನು. ತಪ್ಪಿಲ್ಲದೆ ಆಡಿದರೆ ಹೆಚ್ಚೆಂದರೆ 33 ನಡೆಗಳು ಸಾಕು. ಯಂತ್ರಕ್ಕೆ ‘ಈ ಮೂಲೆಗೆ ಹತ್ತಿರವಾದಷ್ಟೂ ಲಾಭ’ ಎಂಬ ಒಂದೇ ಮಾತನ್ನು ಹೇಳಿಕೊಟ್ಟರೆ ಉಳಿದದ್ದನ್ನು ಅದು ಎಣಿಸಿಕೊಳ್ಳುವದು.

ನಿಯಮಗಳಿಂದ ಹೇಳಿ ಮುಗಿಸಲಾಗದ ಸ್ಥಿತಿಗಳಿಗೆ ಕೋಷ್ಟಕವೇ ಗತಿ. ರಾಜ ಮತ್ತು ಒಂದು ಕಾಲಾಳು, ಎದುರಿಗೆ ಒಂಟಿ ರಾಜ: ಇಷ್ಟೇ ಕಾಯಿಗಳ ಆಟವನ್ನು ಹಗುರವೆಂದು ಭಾವಿಸುವವರು ಮನೆಯಲ್ಲಿ ಹಲಗೆಯ ಮೇಲೆ ಇಟ್ಟು ನೋಡಬೇಕು. ಬಿಳಿಯ ರಾಜನನ್ನು ತನ್ನ ಕಡೆಯಿಂದ ಆರನೆಯ ಅಡ್ಡಸಾಲಿನಲ್ಲಿ, ಅವನ ಬೆನ್ನಿಗೆ ಐದನೆಯ ಸಾಲಿನಲ್ಲಿ ಕಾಲಾಳನ್ನು, ನೆಟ್ಟಗೆ ಎದುರಿಗೆ ಎಂಟನೆಯ ಸಾಲಿನಲ್ಲಿ ಕರಿಯ ರಾಜನನ್ನು, ಮೂವರನ್ನೂ ನಡುವಣ ಒಂದೇ ಕಂಬಸಾಲಿನಲ್ಲಿ ಇಡಿರಿ. ನಡೆಯು ಯಾರದಾದರೂ ಆಗಲಿ, ಬಿಳಿಯವನೇ ಗೆಲ್ಲುವನು. ಮೂವರನ್ನೂ ಹಾಗೆಯೇ ಒಂದು ಮನೆ ಕೆಳಗೆ ಸರಿಸಿರಿ. ಈಗ ಕರಿಯವನ ನಡೆಯಾದರೆ ಗೆಲುವು, ಬಿಳಿಯವನ ನಡೆಯಾದರೆ ಸಮ. ಮೊದಲಿನ ಸ್ಥಿತಿಯನ್ನೇ ಹಲಗೆಯ ಅಂಚಿನ ಕಂಬಸಾಲಿಗೆ ಒಯ್ಯಿರಿ. ನಡೆಯು ಯಾರದಾದರೂ ಸಮ. ಕಣ್ಣಿಗೆ ಮೂರೂ ಒಂದೇ ತಾಯಿಯ ಮಕ್ಕಳಂತೆ ಕಾಣುವವು, ಫಲ ಮಾತ್ರ ಬೇರೆ ಬೇರೆ.

ಈ ಮೂರು ಕಾಯಿಗಳ ಸ್ಥಿತಿಗಳು ಒಟ್ಟು ಎಷ್ಟು? ಕಾಲಾಳು ಎಂಟು ಕಂಬಸಾಲುಗಳಲ್ಲಿ ಎಲ್ಲಿಯೂ ಇರಬಹುದು. ಆದರೆ ಹಲಗೆಯ ಎಡಬಲಗಳು ಕನ್ನಡಿಯ ಬಿಂಬಗಳಾದ್ದರಿಂದ ನಾಲ್ಕನ್ನು ಬರೆದಿಟ್ಟರೆ ಎಂಟೂ ತಿಳಿದವು. ನಮ್ಮೂರ ಸೀರೆಯನ್ನು ಉದ್ದಕ್ಕೆ ನಡುವೆ ಮಡಚಿದಾಗ ಅಂಚಿನ ಮೇಲೆ ಅಂಚು ಸರಿಯಾಗಿ ಕೂಡುವದನ್ನು ಹೆಣ್ಣುಮಕ್ಕಳು ಬಲ್ಲರು, ಇದೂ ಹಾಗೆಯೇ. ನಾಲ್ಕು ಕಂಬಸಾಲುಗಳಲ್ಲಿ ಆರಾರು ಮನೆ, ಅಂದರೆ ಕಾಲಾಳಿಗೆ 24 ಮನೆ. ರಾಜರಿಬ್ಬರಿಗೂ 64, 64. ನಡೆಯು ಇವನದು ಇಲ್ಲವೆ ಅವನದು ಎಂದು ಎರಡು. ಗುಣಿಸಿದರೆ 1,96,608. ಪ್ರತಿಯೊಂದಕ್ಕೂ ‘ಗೆಲುವು’ ಅಥವಾ ‘ಸಮ’ ಎಂಬ ಒಂದೇ ಗುರುತು ಸಾಕು. ಗಣಕಯಂತ್ರದ ಲೆಕ್ಕದಲ್ಲಿ ಎಂಟು ಗುರುತುಗಳಿಗೆ ಒಂದು ಬೈಟಿನಂತೆ 24,576 ಬೈಟುಗಳು. ಮೊಬೈಲಿನಲ್ಲಿ ತೆಗೆದ ಒಂದು ಚಿತ್ರಕ್ಕೆ ಬೇಕಾಗುವ ಜಾಗದಲ್ಲಿ ಇಂಥವು ಹತ್ತಾರು ಹಿಡಿಸುವವು. 2008ರಲ್ಲಿ ಹೊರಬಂದು ಇಂದು ಜಗತ್ತಿನ ಅತ್ಯಂತ ಪ್ರಬಲ ಯಂತ್ರಗಳಲ್ಲೊಂದಾಗಿರುವ ಸ್ಟಾಕ್‌ಫಿಶ್ ಎಂಬದು ಈ ಸಣ್ಣ ಕೋಷ್ಟಕವನ್ನು ಬಹುಕಾಲ ತನ್ನೊಳಗೆ ಇಟ್ಟುಕೊಂಡಿತ್ತು.

ಕೋಷ್ಟಕವನ್ನು ತುಂಬುವ ರೀತಿಯು ನಮ್ಮವರಿಗೆ ಅಪರಿಚಿತವಲ್ಲ. ಭಾಸ್ಕರಾಚಾರ್ಯನು 1150ರಲ್ಲಿ ರಚಿಸಿದ ಲೀಲಾವತಿಯನ್ನು ಓದಿದವರಿಗೆ ವಿಲೋಮ ವಿಧಿಯು ನೆನಪಿರಬಹುದು. ಉತ್ತರವನ್ನು ಹಿಡಿದುಕೊಂಡು, ಕೂಡಿದ್ದನ್ನು ಕಳೆಯುತ್ತ, ಗುಣಿಸಿದ್ದನ್ನು ಭಾಗಿಸುತ್ತ, ಹಿಂದಕ್ಕೆ ಹೋಗಿ ಮೂಲ ಸಂಖ್ಯೆಯನ್ನು ಕಾಣುವದು. (ಭಾಸ್ಕರನ ಊರು ನಮ್ಮ ನೆರೆಯ ವಿಜಾಪುರವೇ ಎಂದು ಕೆಲವರ ಮತ. ಅದು ಸರಿಯಾಗಿದ್ದರೆ ನಮಗೆ ಸಂತೋಷ. ಅಲ್ಲದಿದ್ದರೂ ಲೀಲಾವತಿಗೆ ಕುಂದಿಲ್ಲ.) ಇಲ್ಲಿಯೂ ಹಾಗೆಯೇ. ರಾಜನು ಕಟ್ಟುಬಿದ್ದ ಸ್ಥಿತಿಗಳನ್ನೆಲ್ಲ ಮೊದಲು ಬರೆದಿಟ್ಟು, ಅವುಗಳಿಗೆ ಒಂದೇ ನಡೆಯಲ್ಲಿ ತಲುಪತಕ್ಕವು ಯಾವವು, ಅವುಗಳಿಗೆ ಎದುರಾಳಿಯು ತಪ್ಪಿಸಿಕೊಳ್ಳಲಾರದೆ ಬಂದು ಬೀಳತಕ್ಕವು ಯಾವವು, ಎಂದು ಹಿಂದು ಹಿಂದಕ್ಕೆ ಗುರುತು ಹಾಕುತ್ತ ಹೋಗುವದು. ಎಲ್ಲಿ ಹೊಸ ಗುರುತು ಬೀಳದೆ ನಿಲ್ಲುವದೋ ಅಲ್ಲಿಗೆ ಕೆಲಸವು ಮುಗಿಯಿತು. ಗುರುತಿಲ್ಲದೆ ಉಳಿದವೆಲ್ಲ ಸಮ. ಅಮೇರಿಕೆಯ ರಿಚರ್ಡ್ ಬೆಲ್‌ಮನ್ 1965ರಲ್ಲಿ ಈ ಮಾರ್ಗವನ್ನು ಸೂಚಿಸಿದನು. ಮ್ಯೂನಿಕ್ಕಿನ ಥಾಮಸ್ ಸ್ಟ್ರೋಲೈನ್ 1970ರಲ್ಲಿ ತನ್ನ ಪ್ರಬಂಧಕ್ಕಾಗಿ ಮೂರು, ನಾಲ್ಕು ಕಾಯಿಗಳ ಕೆಲವು ಅಂತ್ಯಗಳನ್ನು ಹೀಗೆ ಬಿಡಿಸಿದನು.

ಇದಕ್ಕೂ ಬಹು ಮೊದಲು, 1912ರಲ್ಲಿಯೇ, ಸ್ಪೇನ್ ದೇಶದ ತೋರೆಸ್ ಕೆವೆದೋ ಎಂಬ ಎಂಜಿನಿಯರನು ರಾಜ ಮತ್ತು ಆನೆಯಿಂದ ಒಂಟಿ ರಾಜನನ್ನು ಕಟ್ಟುವ ವಿದ್ಯುದ್ಯಂತ್ರವೊಂದನ್ನು ನಿರ್ಮಿಸಿ, 1914ರಲ್ಲಿ ಪ್ಯಾರಿಸ್ಸಿನಲ್ಲಿ ತೋರಿಸಿದ್ದನು. ಅದು ಮುಂದಿನ ನಡೆಗಳನ್ನು ಎಣಿಸುತ್ತಲೇ ಇರಲಿಲ್ಲ! ಕರಿಯ ರಾಜನೂ ಆನೆಯೂ ಯಾವ ಯಾವ ಭಾಗದಲ್ಲಿರುವರೆಂದು ಗುರುತಿಸಿ, ಆ ಗುರುತಿಗೆ ತಕ್ಕ ನಡೆಯನ್ನು ಆಡುತ್ತಿತ್ತು. ಅತಿ ಹತ್ತಿರದ ದಾರಿಯಲ್ಲಿ ಗೆಲ್ಲುತ್ತಿರಲಿಲ್ಲವಾದರೂ ಗೆಲ್ಲದೆ ಬಿಡುತ್ತಿರಲಿಲ್ಲ. ಮೊಟ್ಟಮೊದಲು ತಾನಾಗಿ ಚದುರಂಗವಾಡಿದ ಯಂತ್ರವು ಎಣಿಸುವ ಯಂತ್ರವಾಗಿರದೆ ಗುರುತಿಸುವ ಯಂತ್ರವಾಗಿತ್ತೆಂಬದು ನಮಗೆ ಬಹಳ ಹಿಡಿಸಿದ ಸಂಗತಿ.

ಕೋಷ್ಟಕಗಳ ಕಥೆಯಲ್ಲಿ ಮನರಂಜಕವಾದ ಭಾಗವು ಕೆನ್ ಥಾಮ್ಸನ್ ಎಂಬವರದು. ಅವರು ಜೋ ಕಾಂಡನ್ನರೊಡನೆ ಕಟ್ಟಿದ ಬೆಲ್ ಎಂಬ ಯಂತ್ರಕ್ಕೆ, ಮಂತ್ರಿಗೆ ಎದುರಾಗಿ ಆನೆ ಎಂಬ ಅಂತ್ಯದ ಕೋಷ್ಟಕವನ್ನು ಕೊಟ್ಟಿದ್ದರು. ಮಂತ್ರಿಯಿದ್ದವನು ಗೆಲ್ಲುವನೆಂದು ಎಲ್ಲ ಪುಸ್ತಕಗಳೂ ಹೇಳುತ್ತಿದ್ದವು. 1978ರಲ್ಲಿ ಅಮೇರಿಕೆಯ ಗ್ರ್ಯಾಂಡ್‌ಮಾಸ್ಟರ್ ವಾಲ್ಟರ್ ಬ್ರೌನ್ ಪಣ ಕಟ್ಟಿ ಮಂತ್ರಿಯ ಪಕ್ಷವನ್ನು ಹಿಡಿದು ಕುಳಿತನು. ಸರಿಯಾಗಿ ಆಡಿದರೆ 31 ನಡೆಗಳಲ್ಲಿ ಮುಗಿಯಬೇಕು. ಅವನಿಗೆ ದೊರೆತದ್ದು ಐವತ್ತು. ಯಂತ್ರವು ಪುಸ್ತಕಗಳು ಹೇಳಿದಂತೆ ಆನೆಯನ್ನು ರಾಜನ ಪಕ್ಕದಲ್ಲಿಯೇ ಇಟ್ಟುಕೊಳ್ಳದೆ ದೂರಕ್ಕೆ ಒಯ್ಯತೊಡಗಿತು. ಐವತ್ತು ನಡೆಗಳು ತೀರಿದವು, ಗೆಲುವು ಕೈಗೆ ಬರಲಿಲ್ಲ. ಬ್ರೌನನು ಕೆಲವು ವಾರ ಅಭ್ಯಾಸ ಮಾಡಿ ಮತ್ತೆ ಬಂದನು, ಈ ಸಲ ಸರಿಯಾಗಿ ಐವತ್ತನೆಯ ನಡೆಯಲ್ಲಿ ಆನೆಯನ್ನು ಹೊಡೆದನು. ಪುಸ್ತಕದಿಂದ ತೀರ್ಪನ್ನು ತಿಳಿಯುವದು ಬೇರೆ, ಅದನ್ನು ಹಲಗೆಯ ಮೇಲೆ ಸಾಧಿಸುವದು ಬೇರೆ; ಪರೀಕ್ಷೆಗೆ ಕುಳಿತ ಯಾವ ವಿದ್ಯಾರ್ಥಿಯನ್ನು ಕೇಳಿದರೂ ಇದನ್ನು ಹೇಳಿಯಾನು.

ಅದೇ ಥಾಮ್ಸನ್ನರು 1983ರಲ್ಲಿ ಎರಡು ಒಂಟೆಗಳಿಗೆ ಎದುರಾಗಿ ಒಂದು ಕುದುರೆ ಎಂಬ ಐದು ಕಾಯಿಗಳ ಅಂತ್ಯವನ್ನು ಬಿಡಿಸಿದರು. ಕ್ಲಿಂಗ್ ಮತ್ತು ಹಾರ್‌ವಿಟ್ಸ್ ಎಂಬ ಪಂಡಿತರು 1851ರಲ್ಲಿ ಒಂದು ಸ್ಥಿತಿಯನ್ನು ತೋರಿಸಿ, ಕುದುರೆಯವನು ಹೀಗೆ ಕೋಟೆ ಕಟ್ಟಿಕೊಂಡರೆ ಸಮವೆಂದು ಬರೆದಿದ್ದರು. 132 ವರ್ಷ ಜಗತ್ತೆಲ್ಲ ಅದನ್ನು ನಂಬಿತು. ಯಂತ್ರವು ಆ ಕೋಟೆಯನ್ನು ಒಡೆದುಹಾಕಿತು: ಸಾಮಾನ್ಯವಾಗಿ ಒಂಟೆಗಳೇ ಗೆಲ್ಲುವವು, ಆದರೆ ಅದಕ್ಕೆ 66 ನಡೆಗಳವರೆಗೆ ಬೇಕಾಗಬಹುದು. ಐವತ್ತು ನಡೆಗಳ ನಿಯಮದ ಗತಿಯೇನು? ಅಂತರರಾಷ್ಟ್ರೀಯ ಚದುರಂಗ ಸಂಘವು 1980ರ ದಶಕದಲ್ಲಿ ಕೆಲವು ಅಂತ್ಯಗಳಿಗೆ ಮಿತಿಯನ್ನು ಹೆಚ್ಚಿಸಿ, 1992ರಲ್ಲಿ ಎಲ್ಲಕ್ಕೂ ಮತ್ತೆ ಐವತ್ತನ್ನೇ ವಿಧಿಸಿತು. ಇದು ತಕ್ಕ ನಿರ್ಣಯವೆಂದೇ ನಮ್ಮ ಎಣಿಕೆ. ಆಟವು ಆಡುವವರಿಗಾಗಿ ಇರುವದು, ಕೋಷ್ಟಕಕ್ಕಾಗಿ ಅಲ್ಲ.

ಗುರುತಿಸುವದರಲ್ಲಿ ಇರುವ ಅಪಾಯವನ್ನೂ ಹೇಳಬೇಕು. ಎರಡು ಕುದುರೆಗಳಿಂದ ಒಂಟಿ ರಾಜನನ್ನು ಬಲವಂತವಾಗಿ ಕಟ್ಟಲಾಗದು. ಹಿಡಿಯಲು ಹೋದಾಗಲೆಲ್ಲ ಒಂದು ನಡೆ ಮೊದಲೇ ಅವನು ನಡೆಯಿಲ್ಲದವನಾಗಿ ಸ್ಟೇಲ್‌ಮೇಟಿನಲ್ಲಿ ಉಳಿದುಕೊಳ್ಳುವನು. ಇದು ಅಪವಾದ. ಆದರೆ ಆ ಒಂಟಿ ರಾಜನಿಗೆ ಒಂದು ಕಾಲಾಳನ್ನು ದಾನ ಮಾಡಿರಿ. ಅವನ ಬಲವು ಹೆಚ್ಚಿತಷ್ಟೆ? ಇಲ್ಲ, ಅನೇಕ ವೇಳೆ ಅದೇ ಅವನಿಗೆ ಮೃತ್ಯು! ರಾಜನಿಗೆ ನಡೆಯಿಲ್ಲದಾಗ ಕಾಲಾಳು ನಡೆಯಲೇಬೇಕಾಗುವದು; ಆಟವು ಸಮವಾಗದೆ ಮುಂದುವರಿಯುವದು; ಅಷ್ಟರಲ್ಲಿ ಎರಡನೆಯ ಕುದುರೆಯು ಬಂದು ಕಟ್ಟುವದು. ರಶಿಯದ ಅಲೆಕ್ಸಿ ತ್ರೊಯಿತ್ಸ್ಕಿ ಎಂಬ ಪಂಡಿತನು, ಯಂತ್ರದ ನೆರವಿಲ್ಲದ ಕಾಲದಲ್ಲಿ, ಆ ಕಾಲಾಳು ಎಷ್ಟು ದೂರ ಬಂದಿರುವಾಗ ತಡೆದರೆ ಗೆಲುವು ಸಾಧ್ಯವೆಂಬದರ ರೇಖೆಯನ್ನೇ ಎಳೆದಿಟ್ಟನು. ಅಪವಾದಕ್ಕೂ ಅಪವಾದವಾಗಿ ಮೊದಲಿನ ವಿಧಿಯು ಮತ್ತೆ ತಲೆಯೆತ್ತುವದನ್ನು ಶಾಸ್ತ್ರಕಾರರು ಪ್ರತಿಪ್ರಸವವೆನ್ನುವರು. ‘ಎರಡು ಕುದುರೆ, ಆದ್ದರಿಂದ ಸಮ’ ಎಂದು ಮೊದಲನೆಯ ಬಾಗಿಲಲ್ಲಿಯೇ ತೀರ್ಪು ಬರೆದುಕೊಟ್ಟ ಯಂತ್ರವು ಇಲ್ಲಿ ಮೋಸಹೋಗುವದು. ದೇವದತ್ತನಂತೆ ಕಾಣುವ ಯಜ್ಞದತ್ತನನ್ನು ದೇವದತ್ತನೆಂದು ಕರೆದು ಸಾಲ ಕೊಟ್ಟಂತೆ. ಗುರುತೇ ಇಲ್ಲದವನು ಅನುಮಾನದಿಂದಲಾದರೂ ಎಣಿಸಿ ನೋಡಿಯಾನು. ತಪ್ಪು ಗುರುತು ಹಿಡಿದವನು ಎಣಿಸುವದನ್ನೇ ಬಿಟ್ಟುಬಿಡುವನು.

ಇತ್ತೀಚಿನ ಬೆಳವಣಿಗೆಯನ್ನು ಎರಡು ಮಾತಿನಲ್ಲಿ ಹೇಳುವೆವು. ನೆದರ್ಲೆಂಡಿನ ರೊನಾಲ್ಡ್ ಡೆ ಮಾನ್ ಎಂಬವರು 2013ರಲ್ಲಿ ಹೊರತಂದ ಸಿಝಿಜಿ ಎಂಬ ಕೋಷ್ಟಕಗಳು ಆರು ಕಾಯಿಗಳವರೆಗಿನ ಸ್ಥಿತಿಗಳನ್ನು ಸುಮಾರು 150 ಗಿಗಾಬೈಟುಗಳಲ್ಲಿ ಅಡಕಮಾಡಿದವು. 2018ರಲ್ಲಿ ಏಳು ಕಾಯಿಗಳದೂ ಪೂರ್ಣವಾಯಿತು. ಅದಕ್ಕೆ ಸುಮಾರು 18 ಟೆರಾಬೈಟು, ಎಂದರೆ ಮನೆಯ ಮೊಬೈಲಿನಲ್ಲಿ ಹಿಡಿಸುವ ಮಾತಲ್ಲ. ಎಂಟು ಕಾಯಿಗಳ ಪೂರ್ಣ ಕೋಷ್ಟಕವು ಇನ್ನೂ ಆಗಿಲ್ಲ. ಏಳು ಕಾಯಿಗಳ ಕೆಲವು ಸ್ಥಿತಿಗಳಲ್ಲಿ ಗೆಲುವಿಗೆ ಐನೂರಕ್ಕೂ ಹೆಚ್ಚು ನಡೆಗಳು ಬೇಕು; ಆ ನಡೆಗಳಲ್ಲಿ ಬಹುಪಾಲಿನ ಹೇತುವನ್ನು ಯಾವ ಮನುಷ್ಯನೂ ವಿವರಿಸಲಾರನು. ಅದನ್ನು ಜ್ಞಾನವೆನ್ನಬೇಕೋ ಬರಿಯ ದಾಸ್ತಾನೆನ್ನಬೇಕೋ ಎಂದು ನಮ್ಮ ಕಟ್ಟೆಯ ಮೇಲೆ ಒಂದು ಸಂಜೆಯೆಲ್ಲ ಚರ್ಚೆಯಾಯಿತು. ನಮ್ಮ ಮತವು ಎರಡನೆಯ ಪಕ್ಷಕ್ಕೆ. ಸ್ಟಾಕ್‌ಫಿಶ್ 2020ರಿಂದ ಸ್ಥಿತಿಗಳ ಬೆಲೆಯನ್ನು ಅಭ್ಯಾಸದಿಂದ ಪಳಗಿಸಿದ ನರಜಾಲವೊಂದರ ಮೂಲಕ ಅಳೆಯತೊಡಗಿರುವದು. ಹೀಗಿದ್ದರೂ ಕೆಲವೇ ಕಾಯಿಗಳುಳಿದಾಗ ನಿಶ್ಚಿತವಾದ ತೀರ್ಪಿಗಾಗಿ, ದೊರೆತರೆ, ಕೋಷ್ಟಕವನ್ನೇ ತೆರೆದು ನೋಡುವದು.

ಮಕ್ಕಳಿಗೆ ಏನನ್ನು ಕಲಿಸಬೇಕೆಂದು ತಂದೆತಾಯಿಗಳು ನಮ್ಮನ್ನು ಕೇಳುವದುಂಟು. ನೂರು ಸ್ಥಿತಿಗಳನ್ನು ಬಾಯಿಪಾಠ ಮಾಡಿಸುವದು ನಮ್ಮ ಪದ್ಧತಿಯಲ್ಲ. ಹತ್ತು ಹನ್ನೆರಡು ಸಾಕು; ಆದರೆ ಪ್ರತಿಯೊಂದರ ಕಾರಣವು ಬಾಯಿಗೆ ಬರಬೇಕು. ಒಂಟೆಯ ಬಣ್ಣದ ಸ್ಥಿತಿಯನ್ನು ಹೆಸರಿನಿಂದ ಬಲ್ಲ ಮಗುವು ಬಣ್ಣವನ್ನು ಮರೆತೀತು. ‘ಮೂಲೆಯನ್ನು ಮುಟ್ಟಲಾರದು’ ಎಂಬ ಕಾರಣವನ್ನು ಬಲ್ಲ ಮಗುವು ಮರೆಯಲಾರದು, ಮೋಸವನ್ನೂ ಹೋಗಲಾರದು. ರವಿವಾರ ಸಂಜೆ ನಮ್ಮ ಜಗಲಿಗೆ ಓಣಿಯ ನಾಲ್ಕೈದು ಮಕ್ಕಳು ಬರುವರು. ಮೊಬೈಲನ್ನು ಗೂಡಿನಲ್ಲಿ ಇಡಿಸಿ, ಹಲಗೆಯ ಮೇಲೆ ಒಂದಾದ ಮೇಲೊಂದು ಐದು ಸ್ಥಿತಿಗಳನ್ನು ಇಡುವೆವು. ಕಾಯಿಯನ್ನು ಮುಟ್ಟುವ ಮೊದಲು ಎರಡು ಮಾತು ಹೇಳಬೇಕು: ಇದು ಯಾವದು, ಏಕೆ? ನಾಲ್ಕು ಅವರಿಗೆ ಗೊತ್ತಿದ್ದವೇ ಆಗಿರುವವು. ಒಂದು ಮಾತ್ರ ವೇಷಧಾರಿಯಾಗಿರುವದು, ಗೊತ್ತಿದ್ದುದರಂತೆ ಕಂಡು ಒಂದು ಮನೆಯಷ್ಟು ಸರಿದು ನಿಂತಿರುವದು. ಅದು ಎಷ್ಟನೆಯದಾಗಿ ಬರುವದೆಂಬದನ್ನು ನಾವು ಮೊದಲೇ ಹೇಳುವದಿಲ್ಲ.